ವ್ಯಾನಿಟಿ ಬ್ಯಾಗಿಗೆ ಎತ್ತಿನ ಗೊಂಡೆ

ಹಡಗಲಿಯಿಂದ ಮಾಗಳದ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹೆಂಗಸರ ಮುಖಕ್ಕಿಂತ ಮೊದಲು ಅವರ ವ್ಯಾನಿಟಿ ಬ್ಯಾಗಿನ ಗುರುತು ಸಿಗುತ್ತದೆ. ನಿಂತವರ ಬ್ಯಾಗು ಕೂತವರ ಮೂಗಿನ ನೇರಕ್ಕೆ ಬರಬೇಕೆಂಬುದು ನಮ್ಮ ಬಸ್ಸುಗಳ ನಿಯಮ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಮೇಲಂತೂ ಒಂದು ಮೂಗಿಗೆ ನಾಲ್ಕು ಬ್ಯಾಗು. ಹಾಗಾಗಿ ಯಾರ ಬ್ಯಾಗಿಗೆ ಏನು ತೂಗಿದೆ ಎಂಬುದು ನನಗೆ ಬಾಯಿಪಾಠ. ಅಂಗನವಾಡಿ ಟೀಚರಮ್ಮನ ಬ್ಯಾಗಿಗೆ ಧರ್ಮಸ್ಥಳದಿಂದ ತಂದ ಮಂಜುನಾಥನ ಕೀಚೈನು. ಕೀಲಿ ಇಲ್ಲ, ಚೈನಷ್ಟೇ. ನರ್ಸಮ್ಮನದಕ್ಕೆ ತುಪ್ಪಳದ ಒಂದು ಉಂಡೆ. ಅದರ ಮೂಲ ಬಣ್ಣ ಬಿಳಿ ಎಂದು ಆಕೆ ಹೇಳುತ್ತಾರೆ, ನಾವು ನಂಬುತ್ತೇವೆ. ಕೂಡ್ಲಿಗಿಯಿಂದ ಸೊಸೆಯಾಗಿ ಬಂದ ಬ್ಯಾಂಕಿನ ಹುಡುಗಿಯದಕ್ಕೆ ಮದುವೆ ಸೀರೆಗೆ ಕುಚ್ಚು ಕಟ್ಟಿ ಮಿಕ್ಕ ರೇಷ್ಮೆ ದಾರದ ಗೊಂಚಲು. ನನ್ನದಕ್ಕೆ ಬಹಳ ಕಾಲ ತೂಗಿದ್ದು ಒಂದು ಗೊಂಚಲು ಸೇಫ್ಟಿ ಪಿನ್ನು. ಅದನ್ನು ಯಾರೂ ಅಲಂಕಾರ ಅನ್ನಲಿಲ್ಲ. ಆದರೆ ಯಾರ ಸೆರಗು ಜಾರಿದರೂ, ಯಾರ ಚಪ್ಪಲಿ ಉಂಗುಷ್ಠ ಕಿತ್ತರೂ ಬಸ್ಸಿನ ತುಂಬ ಕೈಗಳು ನನ್ನ ಬ್ಯಾಗಿನ ಕಡೆಗೇ ಚಾಚುತ್ತಿದ್ದವು.

ನಮ್ಮಣ್ಣನ ಮಗಳು ಹೊಸಪೇಟೆಯಲ್ಲಿ ಓದುತ್ತಾಳೆ. ದೀಪಾವಳಿಗೆ ಊರಿಗೆ ಬಂದಾಗ ಅವಳ ಬ್ಯಾಗಿಗೆ ಒಂದು ವಿಚಿತ್ರ ಪ್ರಾಣಿ ಜೋತುಬಿದ್ದಿತ್ತು. ಮೊಲದ ಕಿವಿ, ಮೈತುಂಬ ತುಪ್ಪಳ, ಕಿವಿಯಿಂದ ಕಿವಿಗೆ ನಗು, ನಗುವಿನ ತುಂಬ ಚೂಪು ಹಲ್ಲು. ಪಡಸಾಲೆಯಲ್ಲಿ ಕೂತಿದ್ದ ಅವ್ವ ಕನ್ನಡಕ ಏರಿಸಿ ನೋಡಿದಳು.

"ಇದೇನಬೇ ಇದು? ಹೊಸಮನಿಗೆ ಕಟ್ಟೋ ದೃಷ್ಟಿಗೊಂಬಿ ಮರಿ ಹಾಕೇತೇನು?"

"ಅಜ್ಜೀ, ಇದು ಲಬುಬು!"

ಹುಡುಗಿ ಅಜ್ಜಿಗೆ ಪಾಠ ಶುರುಮಾಡಿದಳು. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದ ಕಾಸಿಂಗ್ ಲುಂಗ್ ಎಂಬ ಕಲಾವಿದ 2015ರಲ್ಲಿ ಚಿತ್ರಪುಸ್ತಕಕ್ಕೆಂದು ಬರೆದ ಪಾತ್ರವಂತೆ ಇದು. 2019ರಿಂದ ಚೀನಾದ ಪಾಪ್ ಮಾರ್ಟ್ ಕಂಪನಿ ಇದರ ಗೊಂಬೆ ಮಾಡಿ ಮಾರತೊಡಗಿತಂತೆ. 2024ರಲ್ಲಿ ಬ್ಲ್ಯಾಕ್‌ಪಿಂಕ್ ತಂಡದ ಗಾಯಕಿ ಲೀಸಾ ತನ್ನ ಬ್ಯಾಗಿಗೆ ತಗುಲಿಹಾಕಿಕೊಂಡಳಂತೆ. ಅಲ್ಲಿಂದ ಲೋಕವೆಲ್ಲ ಹುಚ್ಚೆದ್ದು ಅಂಗಡಿ ಮುಂದೆ ರಾತ್ರಿಯೆಲ್ಲ ಸರದಿ ನಿಂತಿತಂತೆ. ಡಬ್ಬಿಯಲ್ಲಿ ಯಾವ ಬಣ್ಣದ್ದಿದೆ ಎಂದು ಕೊಳ್ಳುವವರೆಗೆ ಗೊತ್ತಾಗುವುದಿಲ್ಲವಂತೆ. ಕೊನೆಗೆ ದನಿ ತಗ್ಗಿಸಿ ಹೇಳಿದಳು: ತನ್ನದು ಖರೇ ಲಬುಬು ಅಲ್ಲ, ಸಂತೆಯಲ್ಲಿ ಕೊಂಡ ನಕಲಿ. ನಕಲಿಗೂ ಜಗತ್ತು ಒಂದು ಹೆಸರಿಟ್ಟಿದೆ, 'ಲಫುಫು'.

ಅವ್ವ ಗೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತೀರ್ಪು ಕೊಟ್ಟಳು. "ಖರೇ ಆದ್ರೇನು, ಖೊಟ್ಟಿ ಆದ್ರೇನು. ಹಲ್ಲು ಅದಾವಲ್ಲ, ಕೆಲಸ ಮಾಡ್ತೈತಿ ಬಿಡು."

ತೂಗುವ ಯಾವ ವಸ್ತುವೂ ಸುಮ್ಮನೆ ತೂಗುವುದಿಲ್ಲ, ಅದಕ್ಕೊಂದು ಕೆಲಸ ಇದ್ದೇ ಇರುತ್ತದೆ ಎಂಬುದು ಅವ್ವನ ಪಕ್ಕಾ ನಂಬಿಕೆ. ಇದು ಅವಳಿಗೆ ಬಂದದ್ದು ತನ್ನ ಅತ್ತೆಯಿಂದ, ಅಂದರೆ ನಮ್ಮಜ್ಜಿಯ ಎಲಿಸಂಚಿಯಿಂದ.

ಆ ಸಂಚಿ ಅಂಗೈಯಗಲದ್ದು. ಹೊರಗೆ ಖಣದ ತುಂಡು, ಒಳಗೆ ಹಿಟ್ಟಿನ ಚೀಲದ ಬಟ್ಟೆ. ಒಂದರೊಳಗೊಂದು ನಾಲ್ಕು ಅರೆ: ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು. ನಾಲ್ಕನೆಯದು ರೊಕ್ಕಕ್ಕೆ, ಅಂಥದೊಂದು ಅರೆ ಇದೆಯೆಂದು ನಮ್ಮಜ್ಜನಿಗೆ ಕಡೆತನಕ ಗೊತ್ತಾಗಲಿಲ್ಲ. ಬಾಯಿ ಬಿಗಿಯಲು ಎರಡು ಲಾಡಿ. ಲಾಡಿಯ ತುದಿಗೆ ಕೆಂಪು, ಹಸಿರು ಉಣ್ಣೆಯ ಗೊಂಡೆ, ಗೊಂಡೆಯ ಬುಡದಲ್ಲಿ ಒಂದೊಂದು ಕವಡಿ. ಪಕ್ಕದಲ್ಲಿ ಹಿತ್ತಾಳೆಯ ಸಣ್ಣ ಸರಪಳಿ. ಆ ಸರಪಳಿಗೆ ಸುಣ್ಣದ ಡಬ್ಬಿ, ಕಿವಿಯ ಗುಗ್ಗಿ ತೆಗೆಯುವ ಕಡ್ಡಿ, ಹಲ್ಲುಕಡ್ಡಿ, ಮುಳ್ಳು ಕೀಳುವ ಚಿಮಟಿಗೆ. ಅಜ್ಜಿ ಎದ್ದರೆ ಇವೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಸೊಸೆಯಂದಿರು ಮಾತು ಬದಲಿಸಲು ಅಷ್ಟು ಸಮಯ ಸಾಕಾಗುತ್ತಿತ್ತು.

ಸರಪಳಿಯ ಸಾಮಾನುಗಳಲ್ಲಿ ಚಿಮಟಿಗೆಯದೇ ಒಂದು ತೂಕ. ಜಾಲಿ ಬೇಲಿಯ ಊರು ನಮ್ಮದು. ಹೊಲದಿಂದ ಕುಂಟುತ್ತ ಬಂದವರು ಮನೆಗೆ ಹೋಗುವ ಮೊದಲು ನಮ್ಮ ಕಟ್ಟೆಗೆ ಬಂದು ಕಾಲು ಚಾಚಿ ಕೂರುತ್ತಿದ್ದರು. ಅಜ್ಜಿ ಮೊದಲು ಅವರಿಗೊಂದು ಎಲೆ ಮಡಿಚಿ ಕೊಡುವಳು. ಬಾಯಿ ಅಗಿಯುವುದರಲ್ಲಿ ತೊಡಗಿದ್ದಾಗ ಚಿಮಟಿಗೆ ತನ್ನ ಕೆಲಸ ಮುಗಿಸುತ್ತಿತ್ತು. ಮುಳ್ಳಿನ ಜೊತೆಗೆ ಅವರ ಮನೆಯ ಸುದ್ದಿಯೂ ಈಚೆ ಬರುತ್ತಿತ್ತು. ಅಜ್ಜಿ ತೀರಿಕೊಂಡಾಗ ಸಂಚಿಯನ್ನೂ ಜೊತೆಗಿಟ್ಟು ಮಣ್ಣು ಮಾಡಿದರು. ಸರಪಳಿಯಲ್ಲಿ ಆಗ ಚಿಮಟಿಗೆ ಇರಲಿಲ್ಲ, ಯಾರೋ ಬಿಚ್ಚಿಕೊಂಡಿದ್ದರು. ಯಾರೂ ಯಾರನ್ನೂ ಕೇಳಲಿಲ್ಲ. ಓಣಿಯಲ್ಲಿ ಮುಳ್ಳು ತುಳಿಯುವ ಕಾಲುಗಳು ಇನ್ನೂ ಬಹಳ ಇದ್ದವು.

ಜೇನ್ ಬರ್ಕಿನ್ ಎಂಬ ನಟಿಯ ಸುದ್ದಿ ಓದಿದಾಗ ನನಗೆ ಆ ಸರಪಳಿ ನೆನಪಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರು ಮಾಡಿದ ಆಕೆಗೆಂದೇ ಪ್ಯಾರಿಸ್ಸಿನ ಎರ್ಮೆಸ್ ಕಂಪನಿ 1985ರಲ್ಲಿ ಒಂದು ಕರಿಯ ಚರ್ಮದ ಬ್ಯಾಗು ಹೊಲಿಸಿಕೊಟ್ಟಿತು. ಬೇರೆಯವರಾಗಿದ್ದರೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದರು. ಆಕೆ ಅದರ ಮೇಲೆ ಸ್ಟಿಕ್ಕರ್ ಅಂಟಿಸಿ, ಒಂದು ಉಗುರುಕತ್ತರಿ ತೂಗಿಬಿಟ್ಟರು! ಮುಂದಿನ ಬ್ಯಾಗುಗಳಿಗೆ ಮಣಿಸರ, ಅದು ಇದು ಚಿಲ್ಲರೆ ಸಾಮಾನು. ಈಗ ಬ್ಯಾಗಿಗೆ ಗೊಂಬೆ ತೂಗುವ ಹುಡುಗಿಯರೆಲ್ಲ ಆಕೆಯನ್ನು ಮೂಲಪುರುಷಳೆಂದು ಕೊಂಡಾಡುತ್ತಾರೆ. ಆ ಮೊದಲ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸಾಥ್‌ಬೀಸ್ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗೆ, ಅಂದರೆ ನಮ್ಮ ಲೆಕ್ಕದಲ್ಲಿ 86 ಕೋಟಿಯ ಆಸುಪಾಸು, ಮಾರಾಟವಾಯಿತು. ಉಗುರುಕತ್ತರಿ ಸಮೇತ. ಇದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿ ಸಂಚಿಯೊಳಗ ಚಿಮಟಿಗಿ ಇರಲಿಲ್ಲೇನು?" ಅಂದಳು.

ಚೀಲಕ್ಕೆ ತೂಗುಹಾಕುವ ವಿದ್ಯೆಯಲ್ಲಿ ನಮ್ಮ ಸೀಮೆಯ ಲಂಬಾಣಿ ತಾಂಡಾದವರನ್ನು ಮೀರಿಸುವವರು ಯಾರೂ ಇಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಯಾವ ಕಡೆ ಹೋದರೂ ಒಂದು ತಾಂಡಾ ಎದುರಾಗುತ್ತದೆ. ಹರಪನಹಳ್ಳಿಯ ಹೆಸರು ಕೊನೆಗೆ ಹೇಳಿದ್ದಕ್ಕೆ ಕಾರಣವಿದೆ. ಆ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಬಿಚ್ಚಿ ದಾವಣಗೆರೆಗೆ ಸಿಕ್ಕಿಸಿದರು. ಎರಡು ದಶಕ ಕಳೆದು ಅಲ್ಲಿಂದ ಬಿಚ್ಚಿ ಮತ್ತೆ ಬಳ್ಳಾರಿಗೆ ತಂದರು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ತೂಗುಹಾಕಿದರು. ಯಾವ ಬ್ಯಾಗಿನ ಕೀಚೈನೂ ಇಷ್ಟು ಓಡಾಡಿರಲಿಕ್ಕಿಲ್ಲ.

ತಾಂಡಾದ ಹಿರಿಯ ಹೆಂಗಸಿನ ಬಟ್ಟೆಯ ಚೀಲವನ್ನು ಹತ್ತಿರದಿಂದ ನೋಡಬೇಕು. ಕೆಂಪು ನೆಲದ ಮೇಲೆ ಕೈಹೊಲಿಗೆಯ ಚೌಕ, ತ್ರಿಕೋನ; ನಡುನಡುವೆ ಕನ್ನಡಿ ಚೂರು; ಅಂಚಿನುದ್ದಕ್ಕೆ ಬೆನ್ನು ತೇಯ್ದ ಕವಡೆಗಳ ಸಾಲು; ಮೂಲೆಮೂಲೆಗೂ ಉಣ್ಣೆ ಗೊಂಡೆ; ಗೊಂಡೆಗೆ ಕಿವಿ ಬೆಸೆದ ಚಾರಾಣೆ. ಕವಡೆ ಮಾಲ್ಡೀವ್ಸ್‌ನ ಕಡಲಿನದು. ಬಂಗಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಶುರುವಿನವರೆಗೂ ಅದೇ ಚಿಲ್ಲರೆ ದುಡ್ಡು. ಚಾರಾಣೆ 2011ರ ಜೂನ್ ಕೊನೆಗೆ ಚಲಾವಣೆ ಕಳೆದುಕೊಂಡಿತು. ಎರಡು ಕಾಲದ ರದ್ದಾದ ದುಡ್ಡು ಒಂದೇ ಚೀಲದ ಹೊರಮೈಯಲ್ಲಿ ಇನ್ನೂ ಝಣಝಣ ಅನ್ನುತ್ತಿದೆ. ಒಳಗೆ ಎಷ್ಟಿದೆ ಎಂದು ಕೇಳುವುದು ಮರ್ಯಾದೆಯಲ್ಲ.

ಇವರ ಹಿರಿಯರ ಬದುಕು ಎತ್ತಿನ ಬೆನ್ನ ಮೇಲೆ ಸಾಗಿದ್ದು. ಉಪ್ಪು, ದವಸ ಹೇರಿಕೊಂಡು ನೂರಾರು ಎತ್ತು ಸಾಲಾಗಿ ದೇಶ ಸುತ್ತುತ್ತಿದ್ದವು. 1791-92ರಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್‌ನ ದಂಡು ಶ್ರೀರಂಗಪಟ್ಟಣದ ಮೇಲೆ ಹೋದಾಗ ಅದರ ಹೊಟ್ಟೆ ತುಂಬಿಸಿದ್ದರಲ್ಲಿ ಇವರ ಎತ್ತುಗಳ ಪಾಲು ದೊಡ್ಡದು. ಸಾಲಿನ ಮುಂದಾಳು ಎತ್ತಿಗೆ ಗಂಟೆ, ಕವಡೆ, ಬಣ್ಣದ ಬಟ್ಟೆ. ಗಾಡಿ ರಸ್ತೆ, ರೈಲು ಬಂದಮೇಲೆ ಹೇರೆತ್ತು ಹೋದವು, ಕವಡೆ ಉಳಿಯಿತು. ಸಂಡೂರಿನಲ್ಲಿ ಈ ಕಸೂತಿಗೆ ಒಂದು ಕೇಂದ್ರವೇ ಇದೆ, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಈಗ ಪಟ್ಟಣದ ಹುಡುಗಿಯರು ಕವಡೆ ಚೀಲ ಹೆಗಲಿಗೇರಿಸಿ ನಮ್ಮ ಕಡೆ ಪ್ರವಾಸ ಬರುತ್ತಾರೆ. ಅವರೆದುರು ಕಾಲೇಜಿಗೆ ಹೊರಟ ತಾಂಡಾದ ಹುಡುಗಿ ಜಿಪ್ಪಿನ ರೆಕ್ಸಿನ್ ಬ್ಯಾಗು ತಗುಲಿಸಿಕೊಂಡು ಬಸ್ಸು ಹತ್ತುತ್ತಾಳೆ. ಇಬ್ಬರೂ ಒಬ್ಬರ ಬ್ಯಾಗನ್ನು ಒಬ್ಬರು ಆಸೆಯಿಂದ ನೋಡುವುದನ್ನು ನಾನು ಕಂಡಿದ್ದೇನೆ.

ಗಂಡಸರು ಇದನ್ನೆಲ್ಲ ಹೆಂಗಸರ ಷೋಕಿ ಎಂದು ನಗುತ್ತಾರೆ. ನಕ್ಕವರನ್ನು ಭರತ ಹುಣ್ಣಿಮೆಯ ಹೊತ್ತಿಗೆ ನಮ್ಮ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಳಿಸಬೇಕು. ಕಾರಣಿಕದ ಭವಿಷ್ಯವಾಣಿಗೆ ಬಂದ ಮೈಲಾರಲಿಂಗನ ಭಕ್ತ ಗೊರವಪ್ಪನನ್ನು ಒಮ್ಮೆ ಕಣ್ತುಂಬ ನೋಡಲಿ. ಕರಿ ಕಂಬಳಿಯ ಅಂಗಿ, ಕರಡಿ ಕೂದಲ ಟೊಪ್ಪಿಗೆ, ಕೊರಳಿಗೆ ಕವಡೆ ಸರ, ಕೈಯಲ್ಲಿ ಡಮರುಗ, ಸೊಂಟಕ್ಕೆ ಗಂಟೆ, ಹೆಗಲಿಗೆ ಭಂಡಾರದ ಚೀಲ. ಆ ಚೀಲ ಹಿಂದೆ ಹುಲಿಚರ್ಮದ್ದಿರುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಪಟ್ಟಣದ ಮಾಲ್‌ಗಳಲ್ಲಿ ಈಗ ಹುಲಿಪಟ್ಟೆಯ ಬ್ಯಾಗು ಗಾಜಿನ ಹಿಂದೆ ಕೂತಿರುತ್ತದೆ. ಗೊರವಪ್ಪನಿಗೆ ಅದು ಹಳೇ ಫ್ಯಾಷನ್ನು. 'ಏಳು ಕೋಟಿ' ಅನ್ನುತ್ತ ಚೀಲಕ್ಕೆ ಕೈ ಹಾಕಿ ಹಣೆಗೆ ಅರಿಶಿನ ಒತ್ತಿದರೆ ಎಂಥ ಠೀವಿಯ ಗಂಡಸೂ ತಲೆ ಬಾಗಿಸಬೇಕು.

ಒಡವೆಯ ಚಪಲ ನಮ್ಮ ಕಡೆ ಕಲ್ಲನ್ನೂ ಬಿಟ್ಟಿಲ್ಲ. ಮದ್ರಾಸ್ ಪ್ರಾಂತದ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಪುಸ್ತಕ ಪ್ರಕಟಿಸಿದಾಗ ಮಾಗಳ, ಹಡಗಲಿ, ಹಿರೇಹಡಗಲಿ, ಬಾಗಳಿ, ನೀಲಗುಂದ, ಕುರುವತ್ತಿಯ ಗುಡಿಗಳೆಲ್ಲ ಅದರಲ್ಲಿ ಸೇರಿದವು. ಮಾಗಳದ ಸೂರ್ಯನಾರಾಯಣನ ಗುಡಿಗೆ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನನಗೆ ಇದೇ ಯೋಚನೆ: ಉಳಿ ಹಿಡಿದವನಿಗೆ ಬರೀ ಜಾಗ ಕಂಡರೆ ನಿದ್ದೆ ಬರುತ್ತಿರಲಿಲ್ಲವೇನೋ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರು ಮಾಗಳದ ಕಲ್ಲಿಗಿಂತಲೂ ಒಂದು ಕೈ ಮೇಲು. ಅವರ ಕೊರಳು, ತೋಳು, ಸೊಂಟ, ಕಾಲು, ಎಲ್ಲೆಲ್ಲೂ ತೂಗುವ ಸರ. ಕೈಯಲ್ಲಿ ಮಾತ್ರ ಒಂದು ಚೀಲವಿಲ್ಲ. ಬಸ್ಸಿಗೆ ಓಡುವ ಗೋಜಿಲ್ಲ, ಆಧಾರ್ ಕಾರ್ಡ್ ತೋರಿಸಬೇಕಿಲ್ಲ, ಮಧ್ಯಾಹ್ನದ ಬುತ್ತಿ ಬೇಡ. ಸುಮಾರು ಸಾವಿರ ವರ್ಷದಿಂದ ಅವರ ಸೊಂಟದ ಬಳುಕು ಹಾಗೇ ಇರುವುದರ ಗುಟ್ಟು ಇದೇ ಎಂದು ನನ್ನ ಬೆನ್ನುನೋವು ಹೇಳುತ್ತದೆ.

ಹೊರೆ ಇದ್ದವರ ಮಾತು ಬೇರೆ. ಸುಗ್ಗಿ ಮುಗಿದು ನಮ್ಮ ಹೊಲಗಳು ಬರಿದಾದ ಮೇಲೆ ತಾಂಡಾಗಳಿಂದ, ಹಳ್ಳಿಗಳಿಂದ ಗುಳೆ ಹೊರಡುತ್ತದೆ: ಕೆಲವರು ಕಾಫಿ ಸೀಮೆಗೆ, ಕೆಲವರು ಕಬ್ಬು ಕಡಿಯಲು. ರೊಟ್ಟಿ, ಹಿಟ್ಟು, ಪಾತ್ರೆ, ಕೌದಿ ಎಲ್ಲ ಯೂರಿಯಾ ಚೀಲದಲ್ಲಿ. ಬಸ್ಸಿನ ಟಾಪಿನ ಮೇಲೆ ಐವತ್ತು ಯೂರಿಯಾ ಚೀಲ, ಐವತ್ತೂ ಒಂದೇ ಬಿಳುಪು. ಇಳಿಯುವ ಊರಲ್ಲಿ ಕತ್ತಲೆ. ಅದಕ್ಕೇ ಹೆಂಗಸರು ಹೊರಡುವ ಹಿಂದಿನ ದಿನ ಚೀಲದ ಕಿವಿಗೆ ಒಂದೊಂದು ಗುರುತು ಕಟ್ಟುತ್ತಾರೆ. ಹಳೇ ಲಂಗದ ಅಂಚು, ಮಗಳ ಜಡೆಯ ರಿಬ್ಬನ್ನು, ಒಡೆದ ಬಳೆಯ ಚೂರು ಪೋಣಿಸಿದ ದಾರ. ಒಬ್ಬಾಕೆ ಮಗನ ಶಾಲೆಯ ಟೈ ಕಟ್ಟಿದ್ದಳು. ಹುಡುಗ ನಮ್ಮ ಶಾಲೆಯವನೇ. ಅವನು ಆ ವರ್ಷ ಪರೀಕ್ಷೆಗೆ ಬರಲಿಲ್ಲ. ನನ್ನ ಗೆಳತಿಯೊಬ್ಬಳು ಅಮೆರಿಕದಲ್ಲಿದ್ದಾಳೆ. ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಕರಿ ಸೂಟ್‌ಕೇಸುಗಳು ಸುತ್ತುವಾಗ ಅವಳೂ ಹಿಡಿಕೆಗೆ ಕಟ್ಟಿದ ಕೆಂಪು ಕುಪ್ಪಸದ ಚೂರನ್ನೇ ಹುಡುಕುತ್ತಾಳಂತೆ. ದೂರ ಹೋಗುವ ಭಾರಕ್ಕೆ ಮನೆಯ ಬಟ್ಟೆಯೊಂದು ಬೇಕು. ಎಷ್ಟು ದೂರ, ಯಾಕೆ ಹೋದರು ಎಂಬುದು ಆಮೇಲಿನ ಮಾತು.

ಹೊರೆ ಹೊರುವ ಎತ್ತು ಒಂದು ಕಾಲಕ್ಕೆ ನಮ್ಮ ಮನೆಯಲ್ಲೂ ಇದ್ದವು. ಕಾರಹುಣ್ಣಿಮೆ ಬಂತೆಂದರೆ ಅಪ್ಪ ತನ್ನ ಅಂಗಿಗೆ ಗುಂಡಿ ಹಚ್ಚಿಸುವುದನ್ನು ಮರೆತು ಎತ್ತಿಗೆ ಹಣೆಗೊಂಡೆ, ಮಗಡ, ಕೋಡಣಸು, ಜೂಲ, ಗೆಜ್ಜೆಸರ ಹೊಂದಿಸುತ್ತಿದ್ದ. "ನನಗೊಂದು ಕಿವಿಯೋಲೆ ತರಲಿಲ್ಲ" ಎಂದು ಅವ್ವ ಗೊಣಗುವಳು. ಗೊಣಗುತ್ತಲೇ ಕೋಡಿಗೆ ಬಣ್ಣ ಬಳಿಯುವಳು. ಸಾಲ ಅಪ್ಪನದು, ಬಿಸಿಲು ಎತ್ತಿನದು. ವರ್ಷವೆಲ್ಲ ಹೊತ್ತದ್ದಕ್ಕೆ ಒಂದು ದಿನದ ಗೊಂಡೆ. ಗೆಜ್ಜೆಗೆ ಮಾತ್ರ ವರ್ಷವೆಲ್ಲ ಕೆಲಸ. ಬಂಡಿ ಊರ ಮುಂದಿನ ಹಳ್ಳ ದಾಟುವಾಗಲೇ ಅದರ ಸದ್ದು ಹಿಡಿದು ಅವ್ವ ಒಲೆಯ ಮೇಲೆ ಹಂಚಿಡುತ್ತಿದ್ದಳು. ಆಮೇಲೆ ಮಳೆ ಕೈಕೊಟ್ಟ ಒಂದು ವರ್ಷ ಎತ್ತು ಮಾರಿದೆವು. ಅಪ್ಪ ಗೊಂಡೆ, ಗೆಜ್ಜೆಯನ್ನೂ ಕೊಂಡವನ ಕೈಗೇ ಕೊಟ್ಟ. ಬರೀ ಕೊರಳಲ್ಲಿ ಕಳಿಸಬಾರದು ಅಂದ.

ಕಳೆದ ಬಾರಿ ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ಹೋಗಿದ್ದೆ. ದೂರದ ಊರುಗಳಿಂದ ನಡೆದು ಬಂದ ಪಾದಯಾತ್ರಿಗಳು, ಬೊಬ್ಬೆ ಎದ್ದ ಕಾಲು, ಮಿರ್ಚಿಯ ಎಣ್ಣೆ ಹೊಗೆ, ಬೆಂಡು ಬತ್ತಾಸು. ಒಂದು ಅಂಗಡಿಯ ಮುಂದೆ ಲಫುಫುಗಳ ಗುಂಪೇ ಹಗ್ಗಕ್ಕೆ ಜೋತುಬಿದ್ದು ಹಲ್ಲು ಕಿರಿಯುತ್ತಿತ್ತು. ಅದರ ಪಕ್ಕ ನೆಲದ ಮೇಲೆ ತಾಡಪಾಲು ಹಾಸಿ ಒಬ್ಬ ಮುದುಕ ಎತ್ತಿನ ಸಾಮಾನು ಹರವಿಕೊಂಡು ಕೂತಿದ್ದ. ಹಗ್ಗ, ಬಾರುಕೋಲು, ಮಗಡ, ಗೆಜ್ಜೆ, ಕೆಂಪು-ಹಳದಿ-ಹಸಿರು ಗೊಂಡೆ. ನಾನು ಒಂದು ಸಣ್ಣ ಗೊಂಡೆ ಕೈಗೆತ್ತಿಕೊಂಡೆ.

"ಎತ್ತು ಅದಾವೇನ್ರಿ ಅಕ್ಕಾರ ಮನ್ಯಾಗ?"

"ಇಲ್ಲಜ್ಜ, ಮಾರಿ ಭಾಳ ವರ್ಷ ಆತು."

"ಯಾರ ಮನ್ಯಾಗೂ ಇಲ್ಲ ಬಿಡ್ರಿ. ಟ್ರ್ಯಾಕ್ಟರಿಗೆ ಕಟ್ತಾರ, ಬೈಕಿಗೆ ಕಟ್ತಾರ. ಹೋದ ವರ್ಷ ಒಬ್ಬ ಜೆಸಿಬಿಗೆ ಒಯ್ದ. ನೀವು ಯಾವುದಕ್ಕ ಕಟ್ತೀರಿ?"

"ಈ ಬ್ಯಾಗಿಗೆ."

ಮುದುಕ ನಗಲಿಲ್ಲ. ಕೈ ಚಾಚಿ ನನ್ನ ಬ್ಯಾಗು ಇಸಿದುಕೊಂಡ. ಸಂತೆಯಲ್ಲಿ ಎತ್ತು ನೋಡುವವರ ಗಾಂಭೀರ್ಯದಲ್ಲಿ ಅದರ ಹೊಟ್ಟೆ ಮುಟ್ಟಿದ, ಪಟ್ಟಿ ಜಗ್ಗಿದ, ಎತ್ತಿ ತೂಗಿದ. ಒಳಗೆ ಬುತ್ತಿ ಡಬ್ಬಿ, ಬಿಪಿ ಮಾತ್ರೆ, ಅವ್ವನ ಕಣ್ಣಿನ ಡ್ರಾಪ್ಸು, ತಿದ್ದಬೇಕಾದ ಉತ್ತರಪತ್ರಿಕೆ, ಕೊಡೆ, ನೀರಿನ ಬಾಟಲಿ, ಅಣ್ಣನ ಮಗಳ ಹಾಸ್ಟೆಲ್ ಫೀಸಿನ ರಸೀದಿ.

"ಇದು ಭಾಳ ಹೊರತೈತ್ರಿ," ಅಂದ. "ಇಷ್ಟು ಹೊರೋದಕ್ಕ ಆ ಸಣ್ಣ ಗೊಂಡೆ ಶೋಭಿಸೋದಿಲ್ಲ. ಈ ದೊಡ್ಡದು ಒಯ್ಯಿರಿ. ಗೆಜ್ಜಿ ಒಂದು ಹಂಗ ಕೊಡತೀನಿ."

ತಾನೇ ಕಟ್ಟಿಯೂ ಕೊಟ್ಟ, ಎತ್ತಿನ ಕೊರಳಿಗೆ ಹಾಕುವ ಗಂಟು. ಅದು ಬಿಚ್ಚುವ ಗಂಟಲ್ಲ. ಮಂದಿ ಗೊಂಬೆಗೆ ಯಾಕೆ ದುಡ್ಡು ಸುರಿಯುತ್ತಾರೆ ಎಂದು ಮೂಗು ಮುರಿಯುತ್ತಿದ್ದ ನನಗೆ ಅಣ್ಣನ ಮಗಳ ಮೇಲೆ ಆ ಕ್ಷಣ ಸ್ವಲ್ಪ ಅಕ್ಕರೆ ಹೆಚ್ಚಿತು. ಅವಳ ಬ್ಯಾಗೂ ಕಡಿಮೆ ಹೊರುವುದಿಲ್ಲ. ಪುಸ್ತಕದ ಜೊತೆಗೆ ಅಪ್ಪನ ಸಾಲವನ್ನೂ, ಅಜ್ಜಿಯ ಆಸೆಯನ್ನೂ ಹೊತ್ತುಕೊಂಡು ಹೊಸಪೇಟೆಗೆ ಹೋಗುತ್ತದೆ. ಅದಕ್ಕೊಂದು ಹಲ್ಲಿನ ಗೊಂಬೆ ಇರಲಿ ಬಿಡಿ.

ಬಸ್ಸಿನಲ್ಲಿ ಈಗ ಎಲ್ಲರೂ ನನ್ನ ಗೊಂಡೆ ಮುಟ್ಟಿ ನೋಡುತ್ತಾರೆ. ಕಂಡಕ್ಟರ್ ಒಮ್ಮೆ "ಟೀಚರಮ್ಮ, ಎತ್ತಿಗೆ ಟಿಕೆಟ್ ಆಗ್ತೈತಿ" ಅಂದ. ತೊಡಕಾಗಿದ್ದು ಶಾಲೆಯಲ್ಲಿ. ನಾನು ಗೇಟು ದಾಟುವುದರೊಳಗೆ ಗೆಜ್ಜೆಯ ಸದ್ದು ಐದನೇ ತರಗತಿಗೆ ಮುಟ್ಟುತ್ತದೆ. ಒಳಗೆ ಹೋಗಿ ನೋಡಿದರೆ ನಲವತ್ತು ಮಕ್ಕಳು ಕೈಕಟ್ಟಿ, ಪುಸ್ತಕ ತೆರೆದು, ದೇವರ ಹಾಗೆ ಕೂತಿರುತ್ತಾರೆ. ಯಾರನ್ನು ಬಯ್ಯಬೇಕೆಂದೇ ತಿಳಿಯುವುದಿಲ್ಲ. ಗೆಜ್ಜೆ ಬಿಚ್ಚಿಬಿಡಲೇ ಎಂದು ಹೆಡ್‌ಮಾಸ್ತರನ್ನು ಕೇಳಿದೆ. ಅವರು ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಡ್ರಾಯರಿಗೆ ಸರಿಸುತ್ತ, "ಇರ್ಲಿ ಬಿಡ್ರಿ ಮೇಡಂ, ನಮಗೂ ಅದರಿಂದ ಅನುಕೂಲ ಐತಿ" ಅಂದರು.